ಜಗತ್ತು ಬಾದಾಮಿಗೆ ಬಂತು, ಬಾದಾಮಿಯ ಮಕ್ಕಳು?
ಪದವಿ ವಿದ್ಯಾರ್ಥಿಗಳನ್ನು ಎರಡು ವಾರ ವಿದೇಶಕ್ಕೆ ಕಲಿಯಲು ಕರೆಯುವ ಜಾಹೀರಾತೊಂದು ಈ ವಾರ ಬಾದಾಮಿಯಲ್ಲಿ ಕಣ್ಣಿಗೆ ಬಿತ್ತು. ಅದು ಕೇಳುವ ಹಣ ಇಳಕಲ್ಲಿನ ನೇಕಾರರ ಮನೆಗೆ ನಿಲುಕುವಂಥದ್ದಲ್ಲ. 1987ರಲ್ಲಿ ಬಾದಾಮಿಯ ನೆರೆಯ ಪಟ್ಟದಕಲ್ಲು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ವರ್ಷ ಯುರೋಪಿನಲ್ಲಿ ಎರಾಸ್ಮಸ್ ಯೋಜನೆ ಹುಟ್ಟಿ, ಅಲ್ಲಿನ ವಿದ್ಯಾರ್ಥಿಗಳು ಸಾರ್ವಜನಿಕ ಹಣದ ನೆರವಿನಿಂದ ಕೆಲವು ತಿಂಗಳು ಪರದೇಶದಲ್ಲಿ ಓದತೊಡಗಿದರು. ಜಗತ್ತು ನಮ್ಮ ಬಾಗಿಲಿಗೆ ಬಂತು; ಅವರ ಮಕ್ಕಳು ಜಗತ್ತಿನ ಬಾಗಿಲು ತಟ್ಟಿದರು. ಹಾಗೆ ಹೋಗಿಬಂದವರು ದೀರ್ಘಕಾಲ ನಿರುದ್ಯೋಗಿಗಳಾಗಿ ಉಳಿಯುವ ಸಾಧ್ಯತೆ ಹೋಗದವರಿಗಿಂತ ಅರ್ಧದಷ್ಟು ಎಂದು ಯುರೋಪಿಯನ್ ಆಯೋಗದ 2014ರ ಅಧ್ಯಯನ ಹೇಳಿತು. ಅನುಕೂಲಸ್ಥರ ಮಕ್ಕಳೇ ಹೆಚ್ಚು ಹೋಗುತ್ತಾರೆಂಬ ಮಾತನ್ನು ಲೆಕ್ಕಕ್ಕೆ ಹಿಡಿದರೂ, ಅಪರಿಚಿತರೊಡನೆ ದುಡಿಯುವ ಧೈರ್ಯಕ್ಕೆ ಬೆಲೆಯಿದೆ. ಆದರೆ ಆ ಧೈರ್ಯವನ್ನು ಪ್ರಮಾಣಪತ್ರ ಕೊಡದು, ಕೆಲಸ ಕೊಡುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಹುಡುಗಿ ದಾಳಿಂಬೆಯನ್ನು ಕೊಯ್ದ ಮೇಲೆ ಕೆಡದಂತೆ ಕಾಯುವ ವಿದ್ಯೆಯೊಂದನ್ನೇ ಗುರಿಯಾಗಿಟ್ಟುಕೊಂಡು ಹೋದರೆ, ಎರಡೇ ವಾರವೂ ಅವಳ ಬದುಕಿಗೆ ದಾರಿಯಾದೀತು. ಊರು ನೋಡಿ, ಫೋಟೊ ತೆಗೆಸಿಕೊಂಡು ಬಂದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಂಡವಾಳ ಮುಗಿಯುತ್ತದೆ. ಹೋಗಲಾಗದವರಿಗೂ ದಾರಿಯಿದೆ. ಬಾದಾಮಿಯ ಮೇಣಬಸದಿಗಳನ್ನೂ ಐಹೊಳೆಯ ಗುಡಿಗಳನ್ನೂ ಅಧ್ಯಯನ ಮಾಡಲು ಹೊರನಾಡುಗಳ ವಿದ್ವಾಂಸರು ಬರುತ್ತಲೇ ಇರುತ್ತಾರೆ. ಬಾದಾಮಿ, ಹುನಗುಂದದ ಕಾಲೇಜುಗಳು ಇತಿಹಾಸ, ಪ್ರವಾಸೋದ್ಯಮ ಓದುವ ಮಕ್ಕಳನ್ನು ಅವರ ಸಹಾಯಕರನ್ನಾಗಿ ಜೋಡಿಸಲಿ. ಆ ದುಡಿಮೆಗೆ ಅಂಕವನ್ನೂ ಕೊಡಲಿ. ಸರ್ಕಾರ ವಿದೇಶ ಕಲಿಕೆಗೆ ಹಣ ಕೊಡುವುದಾದರೆ, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರಿಗೆ ಮೊದಲು ಕೊಡಲಿ.