ಕೆಟ್ಟ ಗೊಂಬೆಗೆ ಯಾರ ಸಂಬಳ ಮುರಿಯಬೇಕು?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನುಚ್ಚು ಹೆಚ್ಚಾದ ದಿನ ಮೊದಲ ಬೈಗುಳ ಯಂತ್ರದ ಬಳಿ ನಿಂತವನಿಗೇ ಸಲ್ಲುತ್ತದೆ. ಆದರೆ ಕಣದಲ್ಲಿ ಅತಿಯಾಗಿ ಒಣಗಿದ ಭತ್ತ ಮತ್ತೆ ತೇವಕ್ಕೆ ಸಿಕ್ಕರೆ ಕಾಳಿನೊಳಗೆ ಬಿರುಕು ಮೂಡುತ್ತದೆ. ಯಂತ್ರದಲ್ಲಿ ಅದು ಮುರಿಯುತ್ತದೆ, ಅಷ್ಟೆ. ನುಚ್ಚಿಗಾದರೂ ಗಿರಾಕಿಗಳಿದ್ದಾರೆ. ಕಣ್ಣು ಸರಿಯಾಗಿ ಕೂರದ ಗೊಂಬೆಗೆ ಇಲ್ಲ.

ಗೊಂಬೆಯ ಮಾತು ಬರಲು ಕಾರಣವಿದೆ. ನಮ್ಮ ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ನೆರವೇರಿಸಿದರು. ಎಷ್ಟು ಸಾವಿರ ಉದ್ಯೋಗ ಎಂಬ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆ ಉದ್ಯೋಗ ಎಂತಹದು ಎಂಬ ಬಗ್ಗೆ ಅಷ್ಟಾಗಿ ಆಗಿಲ್ಲ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕುವುದು ಯಂತ್ರ. ಕಣ್ಣು ಕೂರಿಸುವುದು, ಸ್ಕ್ರೂ ಬಿಗಿಯುವುದು, ಕೈಕಾಲು ಜೋಡಿಸುವುದು ಆಟಿಕೆ ಉದ್ಯಮದಲ್ಲಿ ಇಂದಿಗೂ ಬಹುಮಟ್ಟಿಗೆ ಮನುಷ್ಯರ ಕೈ. ಅಚ್ಚಿನಿಂದ ಬಂದ ರಂಧ್ರ ಕೂದಲೆಳೆಯಷ್ಟು ಹಿಗ್ಗಿದ್ದರೂ ಕಣ್ಣು ಸಡಿಲವಾಗಿ ಉಳಿಯುತ್ತದೆ. ಅದು ಕಳಚಿದರೆ ಸೇರುವುದು ಮಗುವಿನ ಗಂಟಲನ್ನು. ಆಟಿಕೆಗಳಿಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯಗೊಳಿಸಿದ ಕೇಂದ್ರದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದದ್ದು ಸುಮ್ಮನೆ ಅಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಜೋಡಣಾ ಘಟಕಕ್ಕೆ ಹೋಗಿದ್ದೆ. ಗೋಡೆಯ ಮೇಲೊಂದು ಕಪ್ಪುಹಲಗೆ. ಹಿಂದಿನ ದಿನ ಹೆಚ್ಚು ಮಾಲು ರಿಜೆಕ್ಟ್ ಆದ ಹೆಣ್ಣುಮಕ್ಕಳ ಹೆಸರುಗಳು ಕೆಂಪು ಸೀಮೆಸುಣ್ಣದಲ್ಲಿ. ಆ ಹಲಗೆ ಬಂದ ಮೇಲೆ ರಿಜೆಕ್ಟ್ ಅರ್ಧಕ್ಕಿಳಿದಿದೆ ಎಂದು ಮೇಲ್ವಿಚಾರಕರು ಹೆಮ್ಮೆಪಟ್ಟರು. ಗಿರಾಕಿಗಳಿಂದ ವಾಪಸಾಗುವ ಮಾಲು ಹೆಚ್ಚಿರುವುದನ್ನು ಊಟದ ಹೊತ್ತಿಗೆ ಅವರೇ ಹೇಳಿಕೊಂಡರು. ಎರಡರ ನಡುವಣ ನಂಟು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಗಿತ್ತೋ! ಕೆಟ್ಟದ್ದನ್ನು ತೋರಿಸಿದವರ ಹೆಸರು ಹಲಗೆ ಸೇರುವುದಾದರೆ ಅದು ಒಳ್ಳೆಯದರ ಪೆಟ್ಟಿಗೆಯೊಳಗೆ ಅಡಗಿ ಕೂರುತ್ತದೆ.

ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ 1961ರಲ್ಲಿ ಯಮಾದಾ ಎಲೆಕ್ಟ್ರಿಕ್ ಎಂಬ ಕಾರ್ಖಾನೆಯಲ್ಲಿ ಇಂತಹದೇ ತೊಡಕನ್ನು ಕಂಡರು. ಸ್ವಿಚ್ಚಿನ ಗುಂಡಿಯ ಕೆಳಗೆ ಎರಡು ಸಣ್ಣ ಸ್ಪ್ರಿಂಗ್ ಇಡಬೇಕು. ಕೆಲಸಗಾರರು ಕೆಲವೊಮ್ಮೆ ಒಂದನ್ನು ಮರೆಯುತ್ತಿದ್ದರು. ಗದರಿದರೆ ಕೆಲದಿನ ಸರಿ, ಮತ್ತೆ ಅದೇ ಪಾಡು. ಶಿಂಗೊ ಸೂಚಿಸಿದ್ದು ಒಂದು ಚಿಕ್ಕ ತಟ್ಟೆ. ಮೊದಲು ಎರಡು ಸ್ಪ್ರಿಂಗನ್ನು ತಟ್ಟೆಗೆ ಹಾಕಿಕೊಳ್ಳಬೇಕು, ಆಮೇಲೆ ಜೋಡಿಸಬೇಕು. ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಅಲ್ಲೇ ಗೊತ್ತಾಗುತ್ತದೆ. ಮರೆವು ಮನುಷ್ಯನ ಗುಣ. ಅದಕ್ಕೆ ದಂಡ ಹಾಕುವುದಕ್ಕಿಂತ ತಟ್ಟೆ ಅಗ್ಗ.

2007ರಲ್ಲಿ ಮ್ಯಾಟೆಲ್ ಕಂಪನಿ ಸಣ್ಣ ಅಯಸ್ಕಾಂತಗಳು ಕಳಚಿಬರುವ ಭಯದಿಂದ ಸುಮಾರು 1.8 ಕೋಟಿ ಆಟಿಕೆಗಳನ್ನು ಹಿಂಪಡೆಯಿತು. ಜಗತ್ತು ಚೀನಾದ ಕೆಲಸಗಾರರ ಕಡೆ ಬೆರಳು ತೋರಿತು. ಹಿಂಪಡೆದವುಗಳಲ್ಲಿ ಬಹುಪಾಲಿನ ದೋಷ ತನ್ನದೇ ವಿನ್ಯಾಸದ್ದೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿಯ ಹಿರಿಯ ಅಧಿಕಾರಿ ಬೀಜಿಂಗಿನಲ್ಲಿ ಕ್ಷಮೆ ಕೇಳಿದರು. ಅಷ್ಟರೊಳಗೆ ಆಗಬೇಕಾದ ಅಪಖ್ಯಾತಿ ಆಗಿಹೋಗಿತ್ತು.

ಇದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ ಬಿಡಿಭಾಗಗಳನ್ನು ಜೋಡಿಸಿಯೇ ಗೊಂಬೆ ಮಾಡುತ್ತಾರೆ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಪುಡಿ, ಮರದ ಹೊಟ್ಟು ಕಲಸಿದ ಕಿಟ್ಟವನ್ನು ಮೆತ್ತಿ, ಕೊನೆಗೆ ಬಣ್ಣ. ಮನೆಯೊಳಗಿನ ಕೆಲಸವಾದ್ದರಿಂದ ಎಲ್ಲೋ ಬಣ್ಣ ಬಿರಿದರೆ ಅದು ಅಂಟಿನ ತಪ್ಪೋ ಮರದ ತಪ್ಪೋ ಎಂಬುದು ಸಂಜೆಯೊಳಗೆ ತಿಳಿಯುತ್ತದೆ. ಲಕ್ಷಗಟ್ಟಲೆ ಗೊಂಬೆ ಕಿನ್ನಾಳದಿಂದ ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಅಚ್ಚಿನ ವಿಭಾಗದವನಿಗೂ ಕಣ್ಣು ಕೂರಿಸುವವಳಿಗೂ ಮುಖಾಮುಖಿಯೇ ಇಲ್ಲದ ಕಾರ್ಖಾನೆ ಈ ಸಂಜೆಯ ಮಾತುಕತೆಯನ್ನು ಬೇರಾವುದೋ ರೀತಿಯಲ್ಲಿ ಏರ್ಪಡಿಸಿಕೊಳ್ಳಲೇಬೇಕು.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಾನಿಯ ಹೆಸರಿನಲ್ಲಿ ಸಂಬಳ ಮುರಿಯಬೇಕಾದರೆ ಆ ಹಾನಿ ನೇರವಾಗಿ ಕೆಲಸಗಾರನ ನಿರ್ಲಕ್ಷ್ಯದಿಂದ ಆಗಿರಬೇಕು, ಅವನ ವಿವರಣೆಯನ್ನೂ ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ಭೂಮಿ, ವಿದ್ಯುತ್ತಿನ ರಿಯಾಯಿತಿ ಪಡೆಯುವ ಘಟಕಗಳಿಗೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಹೋದಾಗ ಹಾಜರಿ ಪುಸ್ತಕದ ಜೊತೆಗೆ ಕಡಿತದ ಲೆಕ್ಕವನ್ನೂ ನೋಡಲಿ. ಸಾಧ್ಯವಾದರೆ ರಿಜೆಕ್ಟ್ ಮಾಲಿನ ಡಬ್ಬಿಯನ್ನೊಮ್ಮೆ ನೆಲಕ್ಕೆ ಸುರಿಸಿ, ಒಂದೇ ಬಗೆಯ ದೋಷ ಎಷ್ಟು ಜನರ ಕೈಯಿಂದ ಬಂದಿದೆ ಎಂದು ಎಣಿಸಲಿ.