ರಸ್ತೆ ಗುಂಡಿ ಗೊತ್ತು, ರೇಡಿಯೋ ಗುಂಡಿ ಗೊತ್ತೇ?

ಕನ್ನಡದ ತರುಣರೇ,

ಬೆಂಗಳೂರಿನ ರಸ್ತೆ ಗುಂಡಿಗೆ ಬೈಯದವನು ಈ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಚಕ್ರ ಗುಂಡಿಗೆ ಇಳಿದ ಕೂಡಲೇ ಪಾಲಿಕೆಗೆ ಬೈಯುತ್ತೇವೆ, ಕಂಟ್ರಾಕ್ಟರಿಗೆ ಬೈಯುತ್ತೇವೆ, ಮಂತ್ರಿಯ ಮೂರು ತಲೆಮಾರಿಗೂ ಬೈಯುತ್ತೇವೆ. ಬೈಯಿರಿ, ಬೇಡವೆನ್ನುವುದಿಲ್ಲ. ಆದರೆ ಅದೇ ಕಾರಿನೊಳಗೆ, ನಿಮ್ಮ ಎಡಗೈಗೆ ಎಟಕುವಷ್ಟು ದೂರದಲ್ಲಿ, ಇನ್ನೊಂದು ಬಗೆಯ ಗುಂಡಿಗಳಿವೆ. 1, 2, 3, 4, 5, 6 ಎಂದು ನಂಬರು ಬರೆದ ರೇಡಿಯೋ ಗುಂಡಿಗಳು. ಹೊಸ ಕಾರಾದರೆ ಅವೇ ಗಾಜಿನ ಪರದೆಯ ಮೇಲೆ ಚೌಕಗಳಾಗಿ ಕೂತಿರುತ್ತವೆ. ಈ ಗುಂಡಿಗಳಿಗೆ ಯಾವ ಕಂಟ್ರಾಕ್ಟರೂ ಹೊಣೆಯಲ್ಲ. ಹೊಣೆ ನೀವೇ!

ಇವತ್ತು ಸಂಜೆ ಕಾರು ಹತ್ತಿದಾಗ ಒಂದೊಂದಾಗಿ ಒತ್ತಿ ನೋಡಿ. ಆರರಲ್ಲಿ ಎಷ್ಟು ಕನ್ನಡ ಮಾತಾಡುತ್ತವೆ? ಮೂರೇ? ಒಂದೇ? ಒಂದೂ ಇಲ್ಲವೇ? ಕಾರು ನಿಮ್ಮದು, ಸಾಲದ ಕಂತು ನಿಮ್ಮದು, ಪೆಟ್ರೋಲು ನಿಮ್ಮದು, ಗುಂಡಿ ಮಾತ್ರ ಶೋರೂಮಿನವನೋ ಜೆ.ಸಿ. ರಸ್ತೆಯಲ್ಲಿ ಸ್ಟೀರಿಯೋ ಕೂರಿಸಿದ ಹುಡುಗನೋ ಇಟ್ಟುಕೊಟ್ಟಂತೆಯೇ ಉಳಿದಿದೆ. ಅವನು ಪರೀಕ್ಷೆಗೆಂದು ಹಿಡಿದ ಕೇಂದ್ರವನ್ನೇ ನೀವು ಮೂರು ವರ್ಷದಿಂದ ಕೇಳುತ್ತಿದ್ದೀರಿ. ಇದಕ್ಕೆ ಏನೆನ್ನಬೇಕು? ಔದಾರ್ಯವೇ? ಸೋಮಾರಿತನವೇ?

"ಹಾಡು ತಾನೇ, ಬಿಡಿ ಸಾರ್"

ಈ ಮಾತು ಬಂದೇ ಬರುತ್ತದೆಂದು ನಮಗೆ ಗೊತ್ತು. ಹಾಡಿಗೆ ಭಾಷೆಯಿಲ್ಲವಂತೆ, ಸಂಗೀತಕ್ಕೆ ಗಡಿಯಿಲ್ಲವಂತೆ. ಒಪ್ಪಿದೆವು. ಹಿಂದಿ ಹಾಡಿನ ಮೇಲೂ, ತಮಿಳು ಹಾಡಿನ ಮೇಲೂ, ಇಂಗ್ಲಿಷ್ ಹಾಡಿನ ಮೇಲೂ ನಮಗೆ ಹಗೆಯಿಲ್ಲ. ಆದರೆ ಒಂದು ಪ್ರಶ್ನೆ. ಗಡಿಯಿಲ್ಲದ ಆ ಸಂಗೀತ ಯಾವಾಗಲೂ ನಮ್ಮ ಮನೆಯೊಳಕ್ಕೇ ಏಕೆ ಬರುತ್ತದೆ? ನಮ್ಮ ಹಾಡು ಅವರ ಊರಿನ ಕಾರಿನೊಳಗೆ ಏಕೆ ಹೋಗುವುದಿಲ್ಲ? ಬಾಗಿಲು ಒಂದೇ ಕಡೆಗೆ ತೆರೆದಿದ್ದರೆ ಅದಕ್ಕೆ ಔದಾರ್ಯ ಎನ್ನುವುದಿಲ್ಲ, ತೂಬು ಎನ್ನುತ್ತಾರೆ. ಕೆರೆ ಬರಿದಾಗುವುದು ತೂಬಿನಿಂದಲೇ.

ಇನ್ನೂ ಒಂದು ಮಾತು. ಬೆಂಗಳೂರಿನಲ್ಲಿ ದಿನಕ್ಕೆ ಒಂದು ತಾಸು, ಎರಡು ತಾಸು ಟ್ರಾಫಿಕ್ಕಿನಲ್ಲಿ ಕೂತು ಕಳೆಯುವವರು ಲಕ್ಷಗಟ್ಟಲೆ ಇದ್ದಾರೆ. ಆಫೀಸಿನಲ್ಲಿ ಇಂಗ್ಲಿಷು, ಮಾಲಿನಲ್ಲಿ ಹಿಂದಿ. ಹಿಂದಿನ ಸೀಟಿನಲ್ಲಿ ಕೂತ ಮಗುವಿನ ಶಾಲೆಯಲ್ಲೂ ಇಂಗ್ಲಿಷು. ಆ ಮಗುವಿನ ಕಿವಿಗೆ ಸಲೀಸಾದ, ನಗುವ, ಹಾಡುವ ಕನ್ನಡ ಬೀಳುವ ಜಾಗ ಎಷ್ಟು ಉಳಿದಿದೆ? ಕಾರಿನ ರೇಡಿಯೋ ಅಂಥ ಜಾಗಗಳಲ್ಲೊಂದು. ಅದನ್ನೂ ಬಿಟ್ಟುಕೊಟ್ಟರೆ ನಾಳೆ ಆ ಮಗು ಅಜ್ಜಿಯ ಮಾತಿಗೆ "ವಾಟ್?" ಎಂದಾಗ ಯಾರನ್ನು ಬೈಯುತ್ತೀರಿ?

ಈ ಗಾಳಿಯಲ್ಲಿ ಕನ್ನಡ ತಾನಾಗಿ ಬರಲಿಲ್ಲ

ಚರಿತ್ರೆ ಮರೆತವರಿಗೆ ನೆನಪಿಸುತ್ತೇವೆ. ಈ ದೇಶದ ರೇಡಿಯೋಕ್ಕೆ 'ಆಕಾಶವಾಣಿ' ಎಂಬ ಹೆಸರು ಹೋದದ್ದು ಮೈಸೂರಿನಿಂದ. 1935ರಲ್ಲಿ ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದಾಗ ಅದಕ್ಕಿದ್ದ ಹೆಸರದು. ಹೆಸರು ಕೊಟ್ಟ ನಾಡು ನಮ್ಮದು!

ಅಂಥ ನಾಡಿನ ರಾಜಧಾನಿಯಲ್ಲಿ 2001ರ ಜುಲೈ 3ರಂದು ದೇಶದ ಮೊಟ್ಟಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೋ ಸಿಟಿ ಶುರುವಾಯಿತು. ಆ ಮೊದಲ ವರ್ಷಗಳಲ್ಲಿ ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ದರ್ಬಾರು. ಕನ್ನಡ ಹಾಡು ಕೇಳಿದರೆ "ಮಾರ್ಕೆಟ್ ಇಲ್ಲ" ಎಂಬ ಸಿದ್ಧ ಉತ್ತರ. 2006ರಲ್ಲಿ ಎರಡನೇ ಹಂತದ ಪರವಾನಗಿ ಪಡೆದ ಹೊಸ ಕೇಂದ್ರಗಳು ಬಂದವು. ಅದೇ ವರ್ಷದ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಆಟೋದಲ್ಲಿ, ಬಸ್ಸಿನಲ್ಲಿ, ಕಾಲೇಜು ಹುಡುಗರ ಬಾಯಲ್ಲಿ ಕನ್ನಡ ಹಾಡು! ಕನ್ನಡ ಹಾಕಿದರೆ ಕಾಸು ಹುಟ್ಟುತ್ತದೆಂದು ಕಂಡ ಮೇಲೆ ಒಂದೊಂದೇ ಕೇಂದ್ರ ಕನ್ನಡಕ್ಕೆ ತಿರುಗಿತು. "ಸಖತ್ ಹಾಟ್ ಮಗಾ" ಎಂಬುದು ಒಂದು ಕೇಂದ್ರದ ಘೋಷಣೆಯೇ ಆಯಿತು. ಇಲ್ಲದ ಮಾರ್ಕೆಟ್ಟು ಎಲ್ಲಿಂದ ಉದುರಿತು ಸ್ವಾಮಿ? ಮಾರ್ಕೆಟ್ಟು ಇತ್ತು, ಕೇಳುವ ಬಾಯಿ ಇರಲಿಲ್ಲ. ಬಾಯಿ ಮುಚ್ಚಿದರೆ ನಾಳೆ ಇದೇ ಕೇಂದ್ರಗಳು ಮತ್ತೆ ಮಗ್ಗುಲು ಬದಲಿಸಲಾರವೇ?

ಇಲ್ಲೊಂದು ಗುಟ್ಟು ತಿಳಿದಿರಬೇಕು. ರೇಡಿಯೋ ಒಮ್ಮುಖದ ಯಂತ್ರ. ನೀವು ಯಾವ ಗುಂಡಿ ಒತ್ತಿದಿರಿ ಎಂಬುದು ಕೇಂದ್ರದವರಿಗೆ ಗೊತ್ತಾಗುವುದೇ ಇಲ್ಲ. 2007ರಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ಊರುಗಳಲ್ಲಿ ಕೇಳುಗರ ಲೆಕ್ಕ ಶುರುವಾದಾಗ ಆಯ್ದ ಕೆಲವರ ಕೈಗೆ ಡೈರಿ ಕೊಟ್ಟು ಬರೆಸುತ್ತಿದ್ದರು. ಅಂದರೆ, ಬರೆದವನು ಲೆಕ್ಕಕ್ಕೆ, ಸುಮ್ಮನೆ ಕೇಳಿದವನು ಗಾಳಿಗೆ. ಆದ್ದರಿಂದ ಕನ್ನಡ ಕೇಂದ್ರವನ್ನು ಗುಂಡಿಯಲ್ಲಿ ಇಟ್ಟರಷ್ಟೇ ಸಾಲದು. ಫೋನ್ ಮಾಡಿ, ಸಂದೇಶ ಕಳಿಸಿ, "ಈ ಹಾಡು ಬೇಕು" ಎಂದು ಕೇಳಿ. ಫೋನಿನ ಹಾಡಿನ ಆ್ಯಪ್‌ಗಳು ಮಾತ್ರ ಒಂದೊಂದು ಹಾಡಿನ ಲೆಕ್ಕವನ್ನೂ ಇಡುತ್ತವೆ. ಅಲ್ಲಿ ನೀವು ಕೇಳಿದ ಒಂದೊಂದು ಕನ್ನಡ ಹಾಡೂ ಒಂದೊಂದು ಓಟು.

ಸ್ಟಾರಿಗೆ ಹೆದರಿ ಬಾಯಿ ಮುಚ್ಚಿದ ಚಾಲಕ

ಟ್ಯಾಕ್ಸಿ ಓಡಿಸುವ ನಮ್ಮ ತಮ್ಮಂದಿರನ್ನು ನೋಡಿ. ಮಂಡ್ಯದಿಂದಲೋ ಕನಕಪುರದಿಂದಲೋ ಬಂದ ಹುಡುಗ. ಒಬ್ಬನೇ ಇದ್ದಾಗ ರಾಜಕುಮಾರ್ ಹಾಡು ಹಾಕಿಕೊಂಡು ಜೊತೆಗೆ ಗುನುಗುತ್ತಿರುತ್ತಾನೆ. ಗಿರಾಕಿ ಬಾಗಿಲು ತೆರೆದ ಕ್ಷಣ ಅವನ ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗುತ್ತದೆ, ಕನ್ನಡ ಮಾಯ! ಯಾರೂ ಹೇಳಿಲ್ಲ, ಯಾರೂ ಗದರಿಸಿಲ್ಲ. ಐದು ಸ್ಟಾರಿನಲ್ಲಿ ಒಂದು ಕಡಿಮೆಯಾದರೆ ಎಂಬ ಅಂಜಿಕೆ. ತನ್ನ ನೆಲದಲ್ಲಿ, ತನ್ನ ಗಾಡಿಯಲ್ಲಿ, ತನ್ನ ಭಾಷೆಯನ್ನು ಬಚ್ಚಿಡುವ ಸ್ಥಿತಿ! ನೀವು ಅಂಥ ಗಾಡಿ ಹತ್ತಿದಾಗ ಒಂದೇ ಮಾತು ಹೇಳಿ: "ಅಣ್ಣಾ, ಕನ್ನಡ ಹಾಡೇ ಇರಲಿ ಬಿಡಿ." ಇಳಿಯುವಾಗ ಐದು ಸ್ಟಾರ್ ಒತ್ತಿ. ಹತ್ತು ಭಾಷಣಕ್ಕಿಂತ ಆ ಮಾತು ದೊಡ್ಡದು.

ಬೆರಳಿಗೊಂದು ಪಾಠ

ಗುಂಡಿ ಹೇಗೆ ಇಡುವುದು ಎಂದು ಗೊತ್ತಿಲ್ಲದವರು ಬಹಳ ಮಂದಿ. ನಾಚಿಕೆ ಬೇಡ, ಕಲಿಯಿರಿ. ಗಾಡಿ ನಿಂತಿರುವಾಗ 'ಮೋಡ್' ಅಥವಾ 'ಸೋರ್ಸ್' ಒತ್ತಿ ಎಫ್.ಎಂ.ಗೆ ಬನ್ನಿ. 'ಸೀಕ್' ಒತ್ತಿದರೆ ಮುಂದಿನ ಕೇಂದ್ರ ಹಿಡಿಯುವ ತನಕ ಅದೇ ಹುಡುಕುತ್ತದೆ. ಆಕಾಶವಾಣಿಯ ವಿವಿಧ ಭಾರತಿಗೆ 102.9, ಕಾಮನಬಿಲ್ಲಿಗೆ 101.3. ದನಿ ಸ್ವಚ್ಛವಾಗಿ ಬಂದಾಗ ನಿಮಗೆ ಬೇಕಾದ ನಂಬರಿನ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಹೆಚ್ಚಿನ ಗಾಡಿಗಳಲ್ಲಿ 'ಬೀಪ್' ಎನ್ನುತ್ತದೆ. ಮುಗಿಯಿತು, ಆ ಗುಂಡಿ ಇನ್ನು ಕನ್ನಡದ್ದು. ಒಂದು ಎಚ್ಚರ: ಕೆಲವು ಯಂತ್ರಗಳಲ್ಲಿ 'ಆಟೋ ಸ್ಟೋರ್' ಎಂಬುದೊಂದಿದೆ. ಅದನ್ನು ಒತ್ತಿದರೆ ಜೋರಾಗಿ ಸಿಗುವ ಆರು ಕೇಂದ್ರಗಳನ್ನು ತಾನೇ ಆರಿಸಿ ತುಂಬಿಬಿಡುತ್ತದೆ. ಯಂತ್ರಕ್ಕೆ ಜೋರು ಗೊತ್ತು, ಭಾಷೆ ಗೊತ್ತಿಲ್ಲ. ಆರಿಸುವುದು ನಿಮ್ಮ ಕೆಲಸ. ಬ್ಯಾಟರಿ ಕಳಚಿ ಹಾಕಿಸಿದರೆ ಕೆಲವು ಗಾಡಿಗಳಲ್ಲಿ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಗ್ಯಾರೇಜಿನಿಂದ ಬಂದ ದಿನವೇ ಮತ್ತೆ ಇಡಿ.

ಡಿಸ್ಕಿನ ಆಸ್ತಿ ಕಸದ ಬುಟ್ಟಿಗೇ?

ಮನೆಯ ಕಪಾಟು ತೆರೆಯಿರಿ. ಅಪ್ಪ ಕೊಂಡ ಭಾವಗೀತೆ, ರಂಗಗೀತೆ, ಜಾನಪದ, ದಾಸರ ಪದಗಳ ಡಿಸ್ಕುಗಳು ಧೂಳು ತಿನ್ನುತ್ತಿವೆ. ಹೊಸ ಕಾರುಗಳಲ್ಲಿ ಡಿಸ್ಕ್ ತೂರಿಸುವ ಬಾಯಿಯೇ ಮಾಯವಾಗುತ್ತಿದೆ. ಸಿನಿಮಾ ಹಾಡುಗಳೇನೋ ಫೋನಿನಲ್ಲಿ ಸಿಗುತ್ತವೆ. ಸಣ್ಣ ಊರಿನ ಗಾಯಕರು, ಹವ್ಯಾಸಿ ತಂಡಗಳು ಸ್ವಂತ ಖರ್ಚಿನಲ್ಲಿ ತಂದ ಎಷ್ಟೋ ಧ್ವನಿಮುದ್ರಣಗಳು ಆ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗವು. ಡಿಸ್ಕ್ ಹೋದರೆ ಹಾಡೂ ಹೋಯಿತು!

ಆದ್ದರಿಂದ ದುಡ್ಡು ಕೊಟ್ಟು ಕೊಂಡ ನಿಮ್ಮ ಡಿಸ್ಕುಗಳನ್ನು ನಿಮ್ಮ ಸ್ವಂತ ಬಳಕೆಗೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಅಲ್ಲಿಂದ ಪೆನ್ ಡ್ರೈವಿಗೆ ಹಾಕಿ. ಮಾಮೂಲಿ ಆಡಿಯೋ ಡಿಸ್ಕಿನಲ್ಲಿ ಹೆಚ್ಚೆಂದರೆ 80 ನಿಮಿಷದ ಹಾಡು. ಅದೇ 700 ಎಂ.ಬಿ. ಡಿಸ್ಕಿಗೆ ಎಂಪಿ3 ಮಾಡಿ ತುಂಬಿದರೆ 150 ಹಾಡು ಹಿಡಿಯುತ್ತದೆ. ಡಿಸ್ಕ್ ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಕಾಗದದ ಲೇಬಲ್ ಅಂಟಿಸಿದ ಡಿಸ್ಕನ್ನು ಕಾರಿಗೆ ಹಾಕಲೇಬೇಡಿ. ಬಿಸಿಗೆ ಅಂಟು ಬಿಟ್ಟು ಒಳಗೇ ಸಿಕ್ಕಿಕೊಳ್ಳುತ್ತದೆ.

ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ

ಈಗ ಅಸಲು ವಿಷಯಕ್ಕೆ ಬನ್ನಿ. ಪೆನ್ ಡ್ರೈವಿನಲ್ಲಿ ಹಾಡಿನ ಹೆಸರನ್ನು ಕನ್ನಡದಲ್ಲೇ ಬರೆದು ಕಾರಿಗೆ ಸಿಕ್ಕಿಸಿ. ಎಷ್ಟೋ ಕಾರುಗಳ ಪರದೆ ಮೇಲೆ ಏನು ಬರುತ್ತದೆ? "??????" ಅಥವಾ ಸಾಲು ಸಾಲು ಖಾಲಿ ಡಬ್ಬಿ! ಹಾಡು ಕನ್ನಡದ್ದು, ಹೆಸರು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಅಸ್ತಿತ್ವಕ್ಕೇ ಹಾಕಿದ ಪ್ರಶ್ನೆ ಇದು.

ತಾಂತ್ರಿಕ ತೊಂದರೆ ಎನ್ನುತ್ತಾರೆ. ಶುದ್ಧ ಸುಳ್ಳು! ಯೂನಿಕೋಡ್ ಎಂಬ ಜಾಗತಿಕ ಲಿಪಿ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿದೆ. ಎಂಪಿ3 ಹಾಡಿನ ಜೊತೆ ಹೆಸರು ಬರೆದಿಡುವ ಪದ್ಧತಿ 1999ರ ಹೊತ್ತಿಗೇ ಯೂನಿಕೋಡನ್ನು ಒಪ್ಪಿಕೊಂಡಿತ್ತು. ಕಾಣೆಯಾಗಿರುವುದು ಕಾರಿನ ಯಂತ್ರದೊಳಗಿನ ಕನ್ನಡ ಅಕ್ಷರಗಳ ಒಂದು ಫಾಂಟ್ ಮತ್ತು ಒತ್ತಕ್ಷರ ಜೋಡಿಸುವ ತಂತ್ರಾಂಶ, ಅಷ್ಟೇ.

ಜಪಾನಿನವರನ್ನು ನೋಡಿ. 1996ರಲ್ಲಿ ಡಿಸ್ಕಿನಲ್ಲೇ ಹಾಡಿನ ಹೆಸರು ಬರೆದಿಡುವ 'ಸಿಡಿ ಟೆಕ್ಸ್ಟ್' ಪದ್ಧತಿ ಬಂದಾಗ ಇಂಗ್ಲಿಷ್ ಅಕ್ಷರದ ಜೊತೆಗೇ ಜಪಾನಿ ಲಿಪಿಗೂ ಅದರಲ್ಲಿ ಜಾಗವಿತ್ತು. ಏಕೆ? ನಿಯಮ ಬರೆಯುವ ಪಂಕ್ತಿಯಲ್ಲಿ ಅವರು ಕೂತಿದ್ದರು. ಪಂಕ್ತಿಯಲ್ಲಿ ಕೂತವನ ಎಲೆಗೆ ಅನ್ನ ಬೀಳುತ್ತದೆ, ಹೊರಗೆ ನಿಂತವನಿಗೆ ವಾಸನೆ ಮಾತ್ರ.

ನಾವು ಹೊರಗೆ ನಿಂತಿದ್ದೇವೆಯೇ? ಇಲ್ಲ, ಅದೇ ದೊಡ್ಡ ದುರಂತ! ಮರ್ಸಿಡಿಸ್ ಬೆಂಜ್ ಕಂಪೆನಿಯ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಬಾಷ್ ತಂತ್ರಾಂಶ ಕೇಂದ್ರ ಇಲ್ಲಿದೆ, ಕಾರಿನ ಸಂಗೀತ ಯಂತ್ರಗಳಿಗೇ ಹೆಸರಾದ ಹರ್ಮನ್ ಇಲ್ಲಿದೆ. ಲೋಕದ ಕಾರುಗಳಿಗೆ ಕೋಡು ಬರೆಯುವ ಕೈಗಳು ವೈಟ್‌ಫೀಲ್ಡಿನಲ್ಲಿ, ಕೋರಮಂಗಲದಲ್ಲಿ ಇವೆ. ಅವುಗಳಲ್ಲಿ ಕನ್ನಡದ ಕೈಗಳೂ ಇವೆ. ಅಡುಗೆ ಮಾಡುವುದು ನಾವು, ಬಡಿಸಿಕೊಳ್ಳುವಾಗ ಮಾತ್ರ ನಮ್ಮ ಎಲೆ ಖಾಲಿ! ಅಲ್ಲಿ ಕೆಲಸ ಮಾಡುವ ಗೆಳೆಯರೇ, ನಾಳೆಯ ಮೀಟಿಂಗಿನಲ್ಲಿ "ಭಾಷೆಗಳ ಪಟ್ಟಿಯಲ್ಲಿ ಕನ್ನಡ ಏಕಿಲ್ಲ?" ಎಂದು ಒಮ್ಮೆ ಕೇಳಿ. ಕೇಳಿದ್ದಕ್ಕೆ ನಿಮ್ಮ ಸಂಬಳವೇನೂ ಕಡಿತವಾಗುವುದಿಲ್ಲ.

ಕಾನೂನು ನಮ್ಮ ಕಡೆಗಿದೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಎಂಬ ಕಾನೂನಿದೆ. ಕರ್ನಾಟಕದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಸರಕುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಬಿಡದಿಯಲ್ಲಿ ಕಾಲು ಶತಮಾನದಿಂದ ಕಾರು ತಯಾರಾಗುತ್ತಿದೆ. ಕಾರು ಗ್ರಾಹಕನ ಸರಕಲ್ಲದೆ ದೇವರ ಪ್ರಸಾದವೇ? ರೇಡಿಯೋ ಹೇಗೆ ಹಾಕುವುದು, ಡಿಸ್ಕ್ ಹೇಗೆ ತೆಗೆಯುವುದು ಎಂಬ ಕೈಪಿಡಿ ಕನ್ನಡದಲ್ಲಿ ಬೇಕೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಹತ್ತು ಹದಿನೈದು ಲಕ್ಷ ಎಣಿಸಿಕೊಡುವವನು ನೀವು. ಬೀಗದ ಕೈ ತೆಗೆದುಕೊಳ್ಳುವ ಮುನ್ನ ಕನ್ನಡ ಕೈಪಿಡಿ ಎಲ್ಲಿ ಎಂದು ಕೇಳಿ. ಕೊಡದಿದ್ದರೆ ಲಿಖಿತ ಉತ್ತರ ಕೇಳಿ.

ನಮ್ಮ ಒತ್ತಾಯಗಳು

1. ಕರ್ನಾಟಕದಲ್ಲಿ ಮಾರುವ ಪ್ರತಿ ಕಾರಿನ ಸಂಗೀತ ಯಂತ್ರ ಕನ್ನಡ ಅಕ್ಷರ ತೋರಿಸಲೇಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲೇಬೇಕು.

2. ಕಾರಿನ ಕೈಪಿಡಿ ಕನ್ನಡದಲ್ಲಿ ಬೇಕು. ಕಾನೂನು ಜಾರಿ ಮಾಡಬೇಕಾದ ಅಧಿಕಾರಿಗಳು ನಿದ್ದೆಯಿಂದ ಏಳಬೇಕು.

3. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ ಖಾಸಗಿ ಎಫ್.ಎಂ. ಹರಾಜಿಗೆ ಒಪ್ಪಿಗೆ ಕೊಟ್ಟಾಗ ತಾಯ್ನುಡಿಯ ಕಾರ್ಯಕ್ರಮಗಳ ಮಾತಾಡಿತ್ತು. ಮಾತು ಸಾಲದು. ಕರ್ನಾಟಕದ ಊರುಗಳ ಪರವಾನಗಿಯಲ್ಲಿ ಕನ್ನಡಕ್ಕೆ ಆದ್ಯತೆ ಎಂಬ ಷರತ್ತನ್ನು ಬರೆದೇ ಕೊಡಬೇಕು.

4. ಹಾಡು ಹೊರತರುವ ಕನ್ನಡ ಕಂಪೆನಿಗಳೇ, ನಿಮ್ಮ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದ ಜೊತೆ ಕನ್ನಡ ಅಕ್ಷರದಲ್ಲೂ ಕೊಡಿ. ಕನ್ನಡದವನೇ ಕನ್ನಡದಲ್ಲಿ ಬರೆಯದಿದ್ದರೆ ಜರ್ಮನಿಯವನು ಏಕೆ ಓದಿಸಿಯಾನು?

ಬೀದಿಗಿಳಿಯುವ ಹೋರಾಟ ಬೇಕಾದಾಗ ಇಳಿಯೋಣ. 1982ರ ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಇಳಿದರು, ನಾವೂ ಇಳಿಯುತ್ತೇವೆ. ಆದರೆ ಈ ಹೋರಾಟಕ್ಕೆ ಮೆರವಣಿಗೆ ಬೇಡ, ಲಾರಿ ಬೇಡ, ಪೊಲೀಸ್ ಅನುಮತಿ ಬೇಡ. ಒಂದು ಬೆರಳು ಸಾಕು, ಮೂರು ಸೆಕೆಂಡು ಸಾಕು. ಆರು ಗುಂಡಿಗಳಲ್ಲಿ ಮೊದಲನೆಯದು ಕನ್ನಡದ್ದಾಗಲಿ. ಉಳಿದ ಐದರಲ್ಲಿ ಲೋಕವೇ ಹಾಡಲಿ, ಬೇಡವೆಂದವರು ಯಾರು?

ಮೊದಲ ಗುಂಡಿ ಕನ್ನಡಕ್ಕೆ! ಒತ್ತಿ ಹಿಡಿಯಿರಿ, ಬಿಡಬೇಡಿ!

ಸಿರಿಗನ್ನಡಂ ಗೆಲ್ಗೆ!