ಆರು ವಾರಕ್ಕೊಂದು ಡ್ರಿಪ್

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಾನು ಬೆಂಗಳೂರಿನ ರೂಮಿನಲ್ಲಿ. ಶ್ವಾಸಕೋಶದ ಕ್ಯಾನ್ಸರ್ ಇದ್ದ ಕಾಕಾ ಕೊಡಂಬಲದಲ್ಲಿ. ಮೂರು ವಾರಕ್ಕೊಮ್ಮೆ ಹೈದರಾಬಾದಿಗೆ ಹೋಗಿ ಪೆಂಬ್ರೊಲಿಜುಮಾಬ್ 200 ಮಿಲಿಗ್ರಾಂ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಅರ್ಧ ಗಂಟೆಯ ಕೆಲಸ. ಆದ್ರೆ ನಡುವೆ ತೆಲಂಗಾಣದ ಗಡಿ, ಚೆಕ್‌ಪೋಸ್ಟ್, ಪಾಸು. ಔಷಧವನ್ನೇ ಊರಿಗೆ ತರಿಸೋಣ ಅಂದ್ರೆ ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ರಿಯಾಕ್ಷನ್ ಆದ್ರೆ ನೋಡೋಕೆ ಡಾಕ್ಟರೂ ಬೇಕು.

ಇದು ಕೀಮೋ ಥರ ಗಡ್ಡೆಯನ್ನು ನೇರವಾಗಿ ಕೊಲ್ಲಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮದೇ ಕಣಗಳಿಗೆ ಬಿದ್ದ ಬ್ರೇಕ್ ತೆಗೆಯುತ್ತೆ. ಬ್ರೇಕ್ ಬಿಟ್ಟ ಕಣಗಳು ಕೆಲವೊಮ್ಮೆ ಶ್ವಾಸಕೋಶದ ಮೇಲೇ ಬೀಳ್ತವೆ. ಆಗಲೂ ಕೆಮ್ಮು, ದಮ್ಮು, ಕೊರೊನಾದಲ್ಲೂ ಅದೇ. ಕಾಕಾ ಕೆಮ್ಮಿದ್ರೆ ಓಣಿಯವರಿಗೆ ಒಂದು ಭಯ, ನಮಗೆ ಎರಡು.

ಏಪ್ರಿಲ್ ಕೊನೆಗೆ ಅಮೆರಿಕದ ಎಫ್‌ಡಿಎ ಆರು ವಾರಕ್ಕೊಮ್ಮೆ 400 ಮಿಲಿಗ್ರಾಂ ಕೊಡೋಕೆ ಒಪ್ಪಿತು. ನಮ್ಮ ಡಾಕ್ಟರೂ ಫೋನಿನಲ್ಲೇ ಲೆಕ್ಕ ಬದಲಿಸಿದರು. ದುಡ್ಡೇನೂ ಉಳಿಯಲಿಲ್ಲ, ಡೋಸ್ ಡಬಲ್ ತಾನೇ! ಗಡಿ ದಾಟೋದು ಮಾತ್ರ ಅರ್ಧವಾಯಿತು. ನಡುವಿನ ರಕ್ತಪರೀಕ್ಷೆ ಹುಮನಾಬಾದಿನಲ್ಲಿ, ರಿಪೋರ್ಟ್ ವಾಟ್ಸಾಪ್‌ನಲ್ಲಿ. ಕೆಮ್ಮಿನ ಲೆಕ್ಕ ಇಡೋ ಕೆಲಸ ನನ್ನದು.

ದಿನಾ ರಾತ್ರಿ ಕೇಳ್ತಿದ್ದೆ: “ಕೆಮ್ಮು ಹ್ಯಾಂಗದ ಕಾಕಾ?”

“ಅದು ಇರ್ಲಿ, ನೀ ಉಂಡಿಯೇನು?”